ಪ್ರಥಮಫಲದ ಸಿವುಡು

ಬಸ್ಸಿನ ಮೇಲಿನ ಸರಳುಗಳ ಮೇಲಿಟ್ಟರೆ ಯಾರಾದರೂ ಅದರ ಮೇಲೆ ಚೀಲ ಒಟ್ಟುತ್ತಾರೆ, ಕಾಲ ಬಳಿ ಇಟ್ಟರೆ ತುಳಿಯುತ್ತಾರೆ. ಆದ್ದರಿಂದ ಎಲೀಯಪ್ಪ ಪಟದ ಸುರುಳಿಯನ್ನು ಎರಡು ಮೊಣಕಾಲುಗಳ ನಡುವೆ ಕಾವಲುಗಾರನ ಕೋಲಿನಂತೆ ನಿಲ್ಲಿಸಿಕೊಂಡು, ಅದರ ತುದಿಗೆ ಗದ್ದ ಊರಿ ಕೂತಿದ್ದ. ಬಳ್ಳಾರಿಯಿಂದ ಏಳು ಹತ್ತಕ್ಕೆ ಬಿಡಬೇಕಾದ, ಕುರುಗೋಡಿನ ಮೇಲೆ ಸುತ್ತಿಕೊಂಡು ಸಿರುಗುಪ್ಪಕ್ಕೆ ಹೋಗುವ ಬಸ್ಸು ಏಳು ಮೂವತ್ತೈದಕ್ಕೆ ಬಿಟ್ಟಿತ್ತು. ಡ್ರೈವರನ ತಲೆಯ ಹಿಂದೆ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂಬ ಹೊಸ ಹಲಗೆ ಇತ್ತು. ಆ ಹಲಗೆಯ ಕೆಳಗೇ ನಿಂತು ಡ್ರೈವರನೂ ಕಂಡಕ್ಟರನೂ ಇಪ್ಪತ್ತೈದು ನಿಮಿಷ ಮಾತಾಡಿದ್ದರು. ಈ ಜನಕ್ಕೆ ಯಾವ ಹಲಗೆ ಬರೆದರೂ ಅಷ್ಟೆ, ಅಂದುಕೊಂಡ ಎಲೀಯಪ್ಪ. ಮೋಶೆ ಎರಡು ಕಲ್ಲಿನ ಹಲಗೆ ತಂದಾಗ ಕೆಳಗೆ ಕುಣಿಯುತ್ತಿದ್ದವರೂ ಇಂಥವರೇ ಇರಬೇಕು. ಪಕ್ಕದಲ್ಲಿ ಕೂತಿದ್ದ ಮುದುಕ ಕಾಗದದ ಪೊಟ್ಟಣದಿಂದ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. ಬಸ್ಸು ಕುಲುಕಿದಾಗಲೆಲ್ಲ ಅರಿಸಿನದ ಬಣ್ಣದ ನಾಲ್ಕು ಕಾಳು ಎಲೀಯಪ್ಪನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬೀಳುತ್ತಿದ್ದವು. ಅವನು ಅವನ್ನು ಉಗುರಿನಿಂದ ಚಿಮ್ಮುತ್ತಿದ್ದ, ಮುದುಕನಿಗೆ ಕಾಣುವಂತೆ. ಮುದುಕ ಕಂಡೂ ಬೇಸರಪಡಲಿಲ್ಲ. “ಏನ್ರಿ ಅದು, ಸಿನಿಮಾ ಪಟಾ ಏನು?” ಎಂದು ಕೇಳಿದ. “ಅಲ್ಲ” ಎಂದ ಎಲೀಯಪ್ಪ, ಕಿಟಕಿಯ ಕಡೆ ತಿರುಗಿ.

ಆದರೆ ಅದು ಪೂರ್ತಿ ತಪ್ಪಾಗಿರಲಿಲ್ಲ, ಅದೇ ಅವನಿಗೆ ಚುಚ್ಚಿದ್ದು. ಪಟ ಬರೆದವನು ಸಿನಿಮಾ ಬೋರ್ಡು ಬರೆಯುವ ಚಾಂದಸಾಬ್. ಇಸ್ರಾಯೇಲ್ಯರ ಏಳು ಹಬ್ಬಗಳಿಗೆ ಏಳು ಚೌಕ. ದಪ್ಪ ಬಟ್ಟೆ, ಎಣ್ಣೆ ಬಣ್ಣ. ಯಾಜಕಕಾಂಡದ ಇಪ್ಪತ್ತಮೂರನೆಯ ಅಧ್ಯಾಯವನ್ನು ಎಲೀಯಪ್ಪ ಮೂರು ಸಂಜೆ ಕೂತು ಅವನಿಗೆ ಓದಿ ಹೇಳಿದ್ದ. ಆದರೂ ಮಹಾಯಾಜಕನಿಗೆ ಚಾಂದಸಾಬ್ ತೆಲುಗು ಪೌರಾಣಿಕ ಚಿತ್ರದ ರಾಜನ ಮೀಸೆಯನ್ನೂ ದುಂಡು ಕೆನ್ನೆಯನ್ನೂ ಕೊಟ್ಟಿದ್ದ. “ಯಾಜಕನಿಗೆ ಇಷ್ಟು ಕೆಂಪು ತುಟಿ ಯಾಕೆ?” ಎಂದರೆ, “ದೊಡ್ಡ ಮನಷ್ಯಾ ಅಲ್ರಿ ಸಾರ್, ಎಲಿ ಅಡಕಿ ಹಾಕ್ಕೊಂಡಿರ್ತಾನ” ಎಂದಿದ್ದ. ಎಲೀಯಪ್ಪನಿಗೆ ತಿದ್ದಿಸಲು ಆಗಲಿಲ್ಲ. ಹೀಗೆ ಅವನ ಜೀವನದಲ್ಲಿ ಎಲ್ಲವೂ ಯಾರದೋ ಒರಟು ಕೈಯಲ್ಲಿ ಸಿಕ್ಕಿ ಸ್ವಲ್ಪ ಕೆಟ್ಟೇ ಅವನಿಗೆ ತಲುಪುತ್ತಿತ್ತು. ಪಾರ್ವತಿನಗರದ ಬಾಡಿಗೆ ಮನೆಯಲ್ಲಿ, ಮಿಷನ್ ಶಾಲೆಯ ಮೇಷ್ಟ್ರ ಸಂಬಳದಲ್ಲಿ, ಐವತ್ನಾಲ್ಕು ವರ್ಷ ವಯಸ್ಸಿನಲ್ಲಿ ಅವನು ಬರೆದ ಅರವತ್ನಾಲ್ಕು ಪುಟದ ಹಸ್ತಪ್ರತಿಯೊಂದು ಮಾತ್ರ ಯಾರ ಕೈಯೂ ಸೋಕದೆ ಚೊಕ್ಕಟವಾಗಿತ್ತು: ‘ಇಸ್ರಾಯೇಲಿನ ಏಳು ಹಬ್ಬಗಳು, ನೆರಳು ಮತ್ತು ನಿಜ’. ಪಸ್ಕ ಹಬ್ಬದ ಕುರಿ ನೆರಳು, ಶಿಲುಬೆ ನಿಜ. ಹುಳಿಯಿಲ್ಲದ ರೊಟ್ಟಿ ನೆರಳು, ಪಾಪವಿಲ್ಲದ ದೇಹ ನಿಜ. ಹೊಲದ ಮೊದಲ ಸಿವುಡು, ಕೊಯ್ದ ತೆನೆಯ ಕಟ್ಟು, ನೆರಳು, ಸಮಾಧಿಯಿಂದ ಮೊದಲು ಎದ್ದವನು ನಿಜ. ನಿಜ ಬಂದ ಮೇಲೆ ನೆರಳನ್ನು ಹಿಡಿದು ಕೂರುವವನು ಮೂರ್ಖ: ಇದು ಅವನ ಪುಸ್ತಕದ ಕೊನೆಯ ವಾಕ್ಯ. ಎಂಟು ತಿಂಗಳಿಂದ ಆ ಹಸ್ತಪ್ರತಿ ಬಳ್ಳಾರಿಯ ಮುಖ್ಯ ಪಾದ್ರಿ ದೊಡ್ಡ ಅಯ್ಯನವರ ಮೇಜಿನ ಮೇಲೆ, ಅವರ ಕನ್ನಡಕದ ಡಬ್ಬಿಗೆ ಒತ್ತಾಗಿ ಬಿದ್ದಿತ್ತು. ಹೋದ ಶುಕ್ರವಾರ ಅಯ್ಯನವರು ಅದರ ಮೇಲಿನ ಧೂಳನ್ನು ಅವನೆದುರೇ ಊದಿ, “ಮಾಸ್ತರೇ, ಹಬ್ಬಗಳ ವಿಷಯ ನಿಮಗಿಂತ ಬಲ್ಲವರು ನಮ್ಮಲ್ಲಿಲ್ಲ. ಕರೂರಿನ ಈ ಗಲಾಟೆ ನೀವೇ ಹೋಗಿ ವಿಚಾರಿಸಿ ಬನ್ನಿ. ಅದು ಮುಗಿಯಲಿ, ಇದನ್ನು ಅಚ್ಚಿಗೆ ಕೊಡೋಣ” ಎಂದಿದ್ದರು.

ಗಲಾಟೆ ಇಷ್ಟೆ. ಕರೂರಿನ ಸಭೆಯ ಕೊಟ್ರಮ್ಮ ಎಂಬ ವಿಧವೆ ನವೆಂಬರಿನ ಕೊಯ್ಲಿನಲ್ಲಿ ತನ್ನ ಎಕರೆ ಗದ್ದೆಯ ಮೊದಲ ಭತ್ತದ ಸಿವುಡನ್ನು ಪ್ರಾರ್ಥನಾ ಮಂದಿರಕ್ಕೆ ತಂದು, ಮೇಜಿನ ಮೇಲಿನ ಶಿಲುಬೆಗೆ ದೃಷ್ಟಿ ತೆಗೆಯುವಂತೆ ಮೂರು ಸುತ್ತು ಇಳಿ ತೆಗೆದು, ಹೊರಗೆ ಹೋಗಿ ಮೂರು ದಾರಿ ಕೂಡುವಲ್ಲಿ ಒಗೆದು, ಹಿಂತಿರುಗಿ ನೋಡದೆ ಮನೆಗೆ ಹೋಗಿದ್ದಳು. ಸಭೆಯ ಹಿರಿಯ ಹಾಲಸಿದ್ದಪ್ಪ ಇದು ವಿಗ್ರಹಾರಾಧನೆ ಎಂದು ಬಳ್ಳಾರಿಗೆ ಕಾಗದ ಬರೆದಿದ್ದ. ಅವಳನ್ನು ಕರ್ತನ ಮೇಜಿನಿಂದ, ಅಂದರೆ ಪ್ರಭುಭೋಜನದಿಂದ, ಹೊರಗಿಡುವುದೋ ಬೇಡವೋ ಎಂದು ನಿರ್ಧಾರವಾಗಬೇಕು. ಹೊರಗಿಟ್ಟರೆ ಜನವರಿ ಐದಕ್ಕೆ ಅದೇ ಮಂದಿರದಲ್ಲಿ ಆಗಬೇಕಾದ ಅವಳ ಮಗಳು ಸುವರ್ಣಮ್ಮನ ಮದುವೆ ಆಗುವುದಿಲ್ಲ; ಗಂಡಿನ ತಂದೆ ಹಚ್ಚೊಳ್ಳಿಯ ಮಂದಿರದ ಗಂಟೆ ಹೊಡೆಯುವವನು, ಸಭೆ ಬಿಟ್ಟವಳ ಮಗಳನ್ನು ಅವನು ತಂದುಕೊಳ್ಳಲಾರ. ಅಯ್ಯನವರು ಕೊಟ್ಟ ವರದಿಯ ಹಾಳೆಯಲ್ಲಿ ಮೂರು ಕಲಮುಗಳಿದ್ದವು. ಏನು ನಡೆಯಿತು? ಯಾರಿಂದ? ಯಾರ ಬೋಧನೆಯಿಂದ? ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ಎಲೀಯಪ್ಪನಿಗೆ ಮೊದಲ ಎರಡು ಕಲಮುಗಳ ಬಗ್ಗೆ ಯಾವ ಚಿಂತೆಯೂ ಇರಲಿಲ್ಲ.

ಕುರುಗೋಡಿನಲ್ಲಿ ಬಸ್ಸು ನಿಂತಾಗ ಬೋಳು ಗುಡ್ಡದ ಬಂಡೆಗಳ ಮೇಲೆ ಬಿಸಿಲು ಆಗಲೇ ಏರಿತ್ತು. ಮಂಡಕ್ಕಿಯ ಮುದುಕ ಇಳಿಯುವಾಗ ಪಟದ ಸುರುಳಿಗೆ ಎರಡು ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡ; ಯಾವ ದೇವರೋ ಏನೋ, ಇರಲಿ ಎಂದು. ಎಲೀಯಪ್ಪ ಸುರುಳಿಯನ್ನು ಕಿಟಕಿಯ ಕಡೆ ಸರಿಸಿಕೊಂಡ. ಮೂರನೆಯ ಕಲಮಿಗೆ ಉತ್ತರ ಅವನೇ ಆಗಿದ್ದ. ಹೋದ ಮೇ ತಿಂಗಳ ರಜೆಯಲ್ಲಿ ಕರೂರಿನ ಉಪದೇಶಿ ಕಾಯಿಲೆ ಬಿದ್ದು ಗುಂತಕಲ್ಲಿಗೆ ಹೋದಾಗ, ಯಾರೂ ಕಳಿಸದೆ, ಯಾವ ದಾಖಲೆಯೂ ಇಲ್ಲದೆ, ಈ ಪಟ ಹೊತ್ತುಕೊಂಡು ಮೂರು ಭಾನುವಾರ ಅಲ್ಲಿಗೆ ಹೋಗಿದ್ದ. ಪುಸ್ತಕವನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕಿತ್ತು. ತಗಡಿನ ಸೂರಿನ ಕೆಳಗೆ ಬೆವರುತ್ತ ಕೂತ ನಲವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಹುಳಿಯಿಲ್ಲದ ರೊಟ್ಟಿಯ ಮಹತ್ವವನ್ನು ಅವನು ಅರ್ಧ ಗಂಟೆ ವಿವರಿಸಿದ್ದ: ಐಗುಪ್ತದಿಂದ ಹೊರಟ ಅವಸರ, ಹಿಟ್ಟು ಹುಳಿಯಲು ಸಮಯವಿಲ್ಲ, ವರ್ಷಕ್ಕೆ ಏಳು ದಿನ ಮಾತ್ರ ತಿನ್ನುವ ಪವಿತ್ರ ರೊಟ್ಟಿ. ಆಗ ಹಿಂದಿನಿಂದ ಒಂದು ಹೆಣ್ಣು ದನಿ, “ನಮ್ಮ ಜ್ವಾಳದ ರೊಟ್ಟಿಗೆ ಯಾವತ್ತ ಹುಳಿ ಹಾಕೀವ್ರಿ ಮಾಸ್ತರ? ನಾವು ದಿನಾ ತಿನ್ನೋದು ಅದ ಅಲ್ಲೇನ್ರಿ!” ಎಂದಿತು. ಇಡೀ ಮಂದಿರ ನಕ್ಕಿತು. ಅದು ಕೊಟ್ರಮ್ಮ. ಎತ್ತರದ ಹೆಂಗಸು, ಮುಂಗೈ ತುಂಬ ಕೊಯ್ಲಿನ ಗಾಯದ ಕಲೆಗಳು. ಅವಳು ನಗಿಸಲು ಹೇಳಿರಲಿಲ್ಲ, ಅದು ಇನ್ನೂ ಕೆಟ್ಟದ್ದು. ಅರ್ಧ ಗಂಟೆಯ ಪಾಂಡಿತ್ಯವನ್ನು ಒಂದು ರೊಟ್ಟಿ ನುಂಗಿತ್ತು.

ಅದಕ್ಕೇ ಮುಂದಿನ ಭಾನುವಾರ ಅವನು ಅವರನ್ನು ನೋಯಿಸಲೆಂದೇ ಮಾತಾಡಿದ್ದ. ಮೂರನೆಯ ಚೌಕದ ಮೇಲೆ ಬೆತ್ತ ಇಟ್ಟು, “ಯೆಹೂದ್ಯರು ನೋಡಿ. ಮೊದಲ ಸಿವುಡನ್ನು ದೇವರ ಮುಂದೆ ಆಡಿಸುವ ತನಕ ಹೊಸ ಕಾಳು ಬಾಯಿಗೆ ಹಾಕುತ್ತಿರಲಿಲ್ಲ. ನೀವೋ? ಸುಗ್ಗಿ ಹಬ್ಬಕ್ಕೆ ಹುಳು ಹಿಡಿದ ಬದನೆಕಾಯಿ ತಂದು ಹರಾಜಿಗೆ ಇಡುತ್ತೀರಿ. ದೇವರು ಮೊದಲನೆಯದು ಕೇಳುತ್ತಾನೆ, ಮಿಕ್ಕಿದ್ದಲ್ಲ” ಎಂದಿದ್ದ. ಅದು ನೆರಳು, ಮಾಡಬೇಕಾದ್ದಲ್ಲ, ಎಂದು ಹೇಳಿದ್ದನೆ? ಹೇಳಿದ್ದ, ಪುಸ್ತಕದಲ್ಲಿದೆ. ಆ ದಿನ ಹೇಳಿದ್ದನೆ? ಅವರು ತಲೆ ತಗ್ಗಿಸಿದ್ದರು. ಆ ತಗ್ಗಿದ ತಲೆಗಳ ಸಾಲನ್ನು ನೋಡುತ್ತ ಅವನಿಗೆ ಎಷ್ಟು ಸುಖವಾಗಿತ್ತೆಂದರೆ, ಮುಂದಿನ ಮಾತು ಅಲ್ಲೇ ನಿಂತುಹೋಗಿತ್ತು. ಇಲ್ಲ, ಹೇಳಿರಲಿಲ್ಲ. ಮೂರನೆಯ ಭಾನುವಾರ ದೋಷಪರಿಹಾರದ ದಿನದ ಎರಡು ಮೇಕೆಗಳ ಪಾಠ. ಒಂದನ್ನು ಕೊಲ್ಲುತ್ತಾರೆ, ಇನ್ನೊಂದರ ತಲೆಯ ಮೇಲೆ ಕೈಯಿಟ್ಟು ಜನರ ಪಾಪವನ್ನೆಲ್ಲ ಹೇಳಿ, ಅಡವಿಗೆ ಹೊಡೆಯುತ್ತಾರೆ. ಕೊಟ್ರಮ್ಮ ಮತ್ತೆ ಕೈ ಎತ್ತಿದ್ದಳು. “ಅಡವಿಗೆ ಬಿಟ್ಟ ಮೇಕಿಗೆ ನೀರು ಯಾರ್ ಕುಡಸ್ತಿದ್ರು ಮಾಸ್ತರ?” “ಅದು ಶಾಸ್ತ್ರದಲ್ಲಿ ಬರೆದಿಲ್ಲ” ಎಂದು ಅವನು ನಕ್ಕಿದ್ದ, ಈ ಸಲ ತಾನೊಬ್ಬನೇ.

ಸಿರುಗುಪ್ಪದ ನಿಲ್ದಾಣದಲ್ಲಿ ಇಳಿದಾಗ ಅಕ್ಕಿ ಗಿರಣಿಗಳ ತೌಡಿನ ವಾಸನೆ ಗಾಳಿಯಲ್ಲಿತ್ತು. ಆ ವಾಸನೆಗೆ ಅವನು ಕರ್ಚೀಪು ಮೂಗಿಗೆ ಹಿಡಿದ. ಅವನ ಅಪ್ಪ ಸುಂಕಪ್ಪ ಇದೇ ತಾಲೂಕಿನ ಹಚ್ಚೊಳ್ಳಿಯಲ್ಲಿ ಊರ ಹೊರಗಿನ ಕೇರಿಯವನು, ಬೇರೆಯವರ ಗದ್ದೆಯಲ್ಲಿ ದುಡಿದವನು. ಅವನ ಮೈಯಿಂದ ಬರುತ್ತಿದ್ದದ್ದೂ ಹೀಗೆಯೇ, ತೌಡು ಮತ್ತು ಬೆವರು. ಅಪ್ಪ ದೀಕ್ಷಾಸ್ನಾನ ಪಡೆದ ದಿನ ಎಂಟು ವರ್ಷದ ಹುಲಿಗೆಪ್ಪ ಎಲೀಯಪ್ಪನಾದ. ನೀರಿನಿಂದ ಮೇಲೆದ್ದಾಗ ಮಿಷನ್ನಿನ ದೊರೆಸಾನಿ ಕೊಟ್ಟ ಬಿಸ್ಕತ್ತಿನ ರುಚಿ ಇವತ್ತಿಗೂ ನೆನಪಿದೆ. ಹೆಸರು ಬದಲಾದದ್ದು ಅಷ್ಟು ನೆನಪಿಲ್ಲ. ಅದೇ ವಾರ ಅವನಿಗೆ ಜ್ವರ ಬಂತು. ಅವ್ವ ಯಂಕಮ್ಮ, ಅವಳೂ ಸ್ನಾನ ಪಡೆದವಳೇ, ಅಪ್ಪ ಹೊರಗೆ ಹೋಗುವುದನ್ನೇ ಕಾದಿದ್ದು ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಅವನ ಮುಖದ ಸುತ್ತ ಮೂರು ಸಲ ತಿರುವಿ, ಮೂರು ದಾರಿಗೆ ಹೋಗಿ ಒಗೆದು ಬಂದಿದ್ದಳು. “ನಿಮ್ಮಪ್ಪಗ ಹೇಳಿದ್ರ ನೋಡು ಮತ್ತ.” ಸಂಜೆ ಹೊತ್ತಿಗೆ ಜ್ವರ ಇಳಿದಿತ್ತು. ಅವನು ಅಪ್ಪನಿಗೆ ಹೇಳಿದ್ದ. ಅಪ್ಪ ಅವ್ವನನ್ನು ಹೊಡೆದ. ಮಿಷನ್ ಹಾಸ್ಟೆಲ್ಲಿಗೆ ಹೋದ ಮೇಲೆ ಈ ಕತೆಯನ್ನು ಅವನು ಸಾಕ್ಷಿ ಹೇಳುವ ಕೂಟಗಳಲ್ಲಿ ಅಂಧಕಾರದ ಉದಾಹರಣೆಯಾಗಿ ಎಷ್ಟೋ ಸಲ ಹೇಳಿದ್ದ. ಹೊಡೆದದ್ದನ್ನೂ ಜ್ವರ ಇಳಿದದ್ದನ್ನೂ ಬಿಟ್ಟು.

ಕರೂರಿನ ಬಸ್ಸಿನಿಂದ ಇಳಿದಾಗ ಹನ್ನೊಂದೂವರೆ. ಕಾಲುವೆಯ ಪಕ್ಕದ ದಾರಿಯಲ್ಲಿ ಮಂದಿರ, ನಾಲ್ಕು ಗೋಡೆ, ಮೇಲೆ ತಗಡು. ಹಾಲಸಿದ್ದಪ್ಪ ಬಾಗಿಲಲ್ಲೇ ಕಾದಿದ್ದ. ಸಭೆಯ ರಿಜಿಸ್ಟರಿನಲ್ಲಿ ಅವನು ಸ್ತೆಫನ, ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಬಾಯಲ್ಲಿ ಲವಂಗ. ಎಲೀಯಪ್ಪನ ಮೊಣಕೈ ಹಿಡಿದು ಗೋಡೆಯ ಮರೆಗೆ ಕರೆದೊಯ್ದ.

“ಕಾಗದದಾಗ ನಿಮ್ಮ ಹೆಸರು ಬರದಿಲ್ರಿ ನಾನು” ಎಂದ ಮೆಲ್ಲಗೆ.

“ನನ್ನ ಹೆಸರು ಯಾಕೆ ಬರಬೇಕು?”

“ಅದನ್ನ ಹೇಳಾಕತ್ತೀನಿ. ಯಾಕ ಬರಬೇಕು? ನೀವು ಪಟದಾಗ ತೋರ್ಸಿದ್ದು ಹಿಂಗ, ಅಡ್ಡ.” ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸಿದ. “ಆಕಿ ಮಾಡಿದ್ದು ಹಿಂಗ, ಸುತ್ತ. ಅಡ್ಡ ಆಡ್ಸಿದ್ರ ಶಾಸ್ತ್ರ, ಸುತ್ತ ತಿರಿವಿದ್ರ ಊರಮ್ಮನ ಪೂಜಿ. ನಿಮ್ಮ ಪಾಠ ಸರಿ ಐತಿ, ಆಕಿ ಕೈ ತಪ್ಪೈತಿ. ಹೌದಿಲ್ರಿ?”

ಈ ಮನುಷ್ಯನ ಸಿಟ್ಟು ಏನೆಂದು ಎಲೀಯಪ್ಪನಿಗೆ ಗೊತ್ತಿತ್ತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಳ್ಳೆಯ ಮಾಲಿಗೆ ಹಾಲಸಿದ್ದಪ್ಪನ ಎದುರು ಕೂಗುವ ಧೈರ್ಯ ಯಾರಿಗೂ ಇಲ್ಲ. ಮೊದಲ ಸಿವುಡು ದೇವರದು, ಹರಾಜಿಗಲ್ಲ ಎಂದು ಕೊಟ್ರಮ್ಮ ಒಮ್ಮೆ ಅಂದರೆ, ಬರುವ ವರ್ಷ ಇನ್ನು ಹತ್ತು ಜನ ಅನ್ನುತ್ತಾರೆ. ಎಂಥ ಕೀಳು ಮನುಷ್ಯ ಅಂದುಕೊಂಡ. ಅಂದುಕೊಳ್ಳುತ್ತಿರುವಾಗಲೇ ಅವನು ಕೊಟ್ಟ ಸಮಾಧಾನ ಬೆಲ್ಲದ ನೀರಿನಂತೆ ಒಳಗೆ ಇಳಿಯುತ್ತಿತ್ತು. ಅಡ್ಡ, ಸುತ್ತ. ಹೌದು. ತಾನು ಹೇಳಿದ್ದು ಅಡ್ಡ. ಚಿತ್ರದಲ್ಲಿ ಚಾಂದಸಾಬ್ ಬಾಣದ ಗುರುತು ಕೂಡ ಹಾಕಿದ್ದಾನೆ. ಮೂರನೆಯ ಕಲಮಿನಲ್ಲಿ ಧೈರ್ಯವಾಗಿ ಬರೆಯಬಹುದು: ಸರಿಯಾದ ಬೋಧನೆಯನ್ನು ಅಜ್ಞಾನದಿಂದ ಕೆಡಿಸಲಾಗಿದೆ. ಹೆಸರು ಬರೆಯುವ ಅಗತ್ಯವೂ ಇಲ್ಲ.

ಒಳಗೆ ಚಾಪೆಯ ಮೇಲೆ ಹದಿನೈದಿಪ್ಪತ್ತು ಜನ ಕೂತಿದ್ದರು. ಕೂಲಿ ಬಿಟ್ಟು ಬಂದವರು, ಅರ್ಧ ದಿನ ಹೋಯಿತೆಂಬ ಬೇಸರ ಮುಖದಲ್ಲಿ. ಎಲ್ಲರೂ ಮೇ ತಿಂಗಳಲ್ಲಿ ಅವನ ಬಾಯಿ ನೋಡಿದವರೇ. ಅವರಲ್ಲಿ ಒಬ್ಬರೂ ಅದನ್ನು ಎತ್ತಲಿಲ್ಲ. “ಆರಾಮ ಅದೀರಿ ಮಾಸ್ತರ?” ಎಂದು ಒಬ್ಬ ಮುದುಕಿ ಕೇಳಿದಳು, ಅಷ್ಟೆ. ಅವರಿಗೆ ಗೊತ್ತಿದೆ, ಹಾಲಸಿದ್ದಪ್ಪನಿಗೆ ಗೊತ್ತಿದೆ, ತನಗೆ ಗೊತ್ತಿದೆ. ಗೊತ್ತಿಲ್ಲದೆ ಇರುವುದು ಜೇಬಿನ ಹಾಳೆಗೆ ಮಾತ್ರ. ಎಲೀಯಪ್ಪ ಪಟವನ್ನು ಗೋಡೆಯ ಮೊಳೆಗೆ ನೇತುಹಾಕಿದ. ಕೆಂಪು ತುಟಿಯ ಯಾಜಕ ಎಲ್ಲರನ್ನೂ ನೋಡಿದ. ಕೊಟ್ರಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಸುವರ್ಣಮ್ಮ. ಹುಡುಗಿಯ ಮುಖ ಊದಿತ್ತು. ಕೊಟ್ರಮ್ಮನ ತೊಡೆಯ ಮೇಲೆ ಅಂಥದೇ ಇನ್ನೊಂದು ಭತ್ತದ ಸಿವುಡಿತ್ತು; ತೋರಿಸಲು ಹಾಲಸಿದ್ದಪ್ಪನೇ ತರಿಸಿದ್ದನಂತೆ.

“ಏನಮ್ಮಾ, ಮಾಡಿದ್ದು ಹೌದೋ?” ಎಂದ ಎಲೀಯಪ್ಪ.

“ಹೌದ್ರಿ.”

“ಶಿಲುಬೆಗೆ ಇಳಿ ತೆಗೆದದ್ದು?”

“ಅದಕ್ಕ ಏನಂತಾರೋ ನನಗ ಗೊತ್ತಿಲ್ಲ. ದೇವ್ರಿಗೆ ತೋರ್ಸಿದ್ನಿ. ಒಕ್ಕಲು ಮಾಡೂಕಿಂತ ಮೊದಲ.”

“ತೋರಿಸಿದ ಮೇಲೆ ಒಗೆದದ್ದು ಯಾಕೆ?”

“ಮತ್ತೇನ್ ಮಾಡ್ಲಿ? ಮನಿಗೆ ಒಯ್ದು ಕುಟ್ಟಿ ಅನ್ನಾ ಮಾಡ್ಕೊಂಡು ಉಣ್ಲೇನು, ದೇವ್ರಿಗೆ ಕೊಟ್ಟದ್ದನ್ನ?” ಎಂದಳು. ಯಾರೋ ಕಿಸಕ್ಕನೆ ನಕ್ಕರು. “ಹರಾಜಿಗಿಟ್ರ ಹಾಲಸಿದ್ದಣ್ಣ ಉಣ್ತಿದ್ದ.”

“ಏಯ್, ಬಾಯಿ ಭದ್ರ” ಎಂದ ಹಾಲಸಿದ್ದಪ್ಪ. “ಮಾಸ್ತರ, ಅಡ್ಡ ಸುತ್ತಿಂದು ಕೇಳ್ರಿ.”

ಎಲೀಯಪ್ಪ ಗಂಟಲು ಸರಿಮಾಡಿಕೊಂಡ. ತನ್ನ ದನಿ ತರಗತಿಯ ದನಿಯಾಗುವುದು ಅವನಿಗೇ ಕೇಳಿಸಿತು. ಶಾಸ್ತ್ರದಲ್ಲಿ ಹೇಳಿರುವುದು ಒಂದು, ನೀನು ಮಾಡಿದ್ದು ಇನ್ನೊಂದು. ಯಾಜಕನು ಸಿವುಡನ್ನು ದೇವರ ಸನ್ನಿಧಿಯಲ್ಲಿ ಅತ್ತಿತ್ತ ಆಡಿಸುತ್ತಾನೆ, ಇದು ಅರ್ಪಣೆ. ಸುತ್ತ ತಿರುವಿ ದಾರಿಗೆ ಒಗೆಯುವುದು ದೃಷ್ಟಿ ತೆಗೆಯುವುದು. ಒಂದು ದೇವರಿಗೆ ಕೊಡುವುದು, ಇನ್ನೊಂದು ದೆವ್ವವನ್ನು ಓಡಿಸುವುದು. ಸಾವಿರ ವರ್ಷದ ಕತ್ತಲೆ ನಿಮ್ಮ ಕೈಗಳಲ್ಲಿ ಇನ್ನೂ ಇದೆ, ತಲೆಯ ಮೇಲೆ ಎಷ್ಟು ನೀರು ಹಾಕಿದರೂ ಕೈ ತೊಳೆದಿಲ್ಲ. ಈ ಕೊನೆಯ ವಾಕ್ಯ ಆಗ ತಾನೇ ಹೊಳೆದದ್ದು. ಪುಸ್ತಕದಲ್ಲಿ ಸೇರಿಸಬೇಕು ಅಂದುಕೊಂಡ. ತಲೆಗಳು ಮೇ ತಿಂಗಳಂತೆಯೇ ತಗ್ಗಿದವು. ಕೊಟ್ರಮ್ಮನದು ತಗ್ಗಲಿಲ್ಲ.

“ಹಂಗಾರ ತಪ್ಪು ನಂದು” ಎಂದಳು. “ಓದಿದಾಕಿ ಅಲ್ಲ. ಪಟದಾಗ ಕೈ ಅಳ್ಳಾಡೂದಿಲ್ಲಲ್ರಿ, ಯಾಜಕ ಸುಮ್ನ ಹಿಡಕೊಂಡು ನಿಂತಾನ. ಒಂದ್ಸಲ ನೀವ ಮಾಡಿ ತೋರ್ಸಿ ಬಿಡ್ರಿ ಮಾಸ್ತರ. ಮುಂದ ಯಾರೂ ತಪ್ಪೂದಿಲ್ಲ.”

ಸಿವುಡನ್ನು ಎರಡೂ ಕೈಗಳಿಂದ ಎತ್ತಿ ಕೊಟ್ಟಳು. ಅದರಲ್ಲಿ ಕುಹಕವಿತ್ತೆ ಎಂದು ಎಲೀಯಪ್ಪ ಅವಳ ಮುಖ ನೋಡಿದ. ಇರಲಿಲ್ಲ. ಈಗ ಮಾಡಿ ತೋರಿಸಿದರೆ ವಿಷಯ ಅಲ್ಲಿಗೆ ಮುಗಿಯಬಹುದು ಎಂದೂ ಅವನಿಗೆ ಹೊಳೆಯಿತು: ತಿಳಿಯದೆ ತಪ್ಪಿದಳು, ತಿಳಿಸಲಾಯಿತು, ಕ್ಷಮಿಸಲಾಯಿತು. ಹುಡುಗಿಯ ಮದುವೆ ಆಗಲಿ. ತಾನು ಉದಾರಿ. ಸಿವುಡು ತೆಗೆದುಕೊಂಡ. ನಿರೀಕ್ಷಿಸಿದ್ದಕ್ಕಿಂತ ಭಾರವಾಗಿತ್ತು, ಬುಡದಲ್ಲಿ ಇನ್ನೂ ಹಸಿ. ಮುಖಕ್ಕೆ ಹುಲ್ಲಿನ ಧೂಳು ಬಡಿಯಿತು, ತೌಡಿನ ವಾಸನೆ. ಮೇಜಿನ ಕಡೆ ತಿರುಗಿ, ಮರದ ಶಿಲುಬೆಯ ಎದುರು ನಿಂತು, ಕೈ ಎತ್ತಿದ. ಎಡಕ್ಕೆ ಒಯ್ಯಬೇಕು, ಬಲಕ್ಕೆ ತರಬೇಕು. ಇಷ್ಟು ಸಣ್ಣ ಕೆಲಸ. ತೆನೆಗಳು ಸರಸರ ಅಂದವು. ಬಾಯಲ್ಲಿ ಯಾಕೋ ಉಪ್ಪಿನ ರುಚಿ ಬಂತು, ಮೆಣಸಿನ ಘಾಟು. ಹಣೆಯ ಮೇಲೆ ಒರಟಾದ ತಣ್ಣನೆಯ ಅಂಗೈ. ಮಂದಿರ ತೀರಾ ನಿಶ್ಶಬ್ದವಾಗಿದೆ ಎಂದು ಅನ್ನಿಸಿದಾಗಲೇ ಅವನಿಗೆ ತನ್ನ ಕೈಗಳು ಕಂಡದ್ದು. ಅವು ಎಡದಿಂದ ಮೇಲಕ್ಕೆ, ಮೇಲಿಂದ ಬಲಕ್ಕೆ, ಬಲದಿಂದ ಕೆಳಕ್ಕೆ ಇಳಿದು ಮೂರನೆಯ ಸುತ್ತು ಮುಗಿಸುತ್ತಿದ್ದವು. ಮುಗಿಸಿ, ಸಿವುಡನ್ನು ಒಮ್ಮೆ ಕೆಳಗೆ ಕೊಡವಿದವು. ಯಂಕಮ್ಮ ಕೊಡವುತ್ತಿದ್ದಂತೆಯೇ.

ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟು ಮಾಡಬಹುದಿತ್ತು. ಹಿಂದಿನಿಂದ ಆರಾಮ ಕೇಳಿದ್ದ ಮುದುಕಿ, “ಹಂಗ ಮಾಡಿದ್ಲು ಆಕೀನೂ” ಎಂದಳು, ಸಾಕ್ಷಿ ಹೇಳುವವಳಂತೆ. ಹಾಲಸಿದ್ದಪ್ಪ ಲವಂಗ ಉಗುಳಲು ಬಾಗಿಲ ತನಕ ಹೋಗಿ ಬಂದ. ಅವನ ಕಣ್ಣುಗಳಲ್ಲಿ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದವನ ತೃಪ್ತಿ ಇತ್ತು. “ಇರ್ಲಿ ಬಿಡ್ರಿ ಮಾಸ್ತರ” ಎಂದ. “ಕಾಗದದಾಗ ಏನ್ ಬರೀತೀರಿ?”

ಎಲೀಯಪ್ಪ ಸಿವುಡನ್ನು ಎಡಗಂಕುಳಲ್ಲಿ ಇಟ್ಟುಕೊಂಡು, ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ಏನು ನಡೆಯಿತು: ಬರೆದ. ಯಾರಿಂದ: ಬರೆದ. ಪೆನ್ನು ಮೂರನೆಯ ಕಲಮಿನ ಮೇಲೆ ನಿಂತಿತು. ಅರವತ್ನಾಲ್ಕು ಪುಟ, ಕನ್ನಡಕದ ಡಬ್ಬಿ, ಧೂಳು. ‘ನನ್ನ’ ಎಂದು ಒಂದು ಪದ ಬರೆದರೆ ಸಾಕು, ಈ ಹೆಂಗಸು ಮನೆಗೆ ಹೋಗಿ ಮಗಳ ಸೀರೆಗೆ ಅಂಚು ಹೊಲಿಯಬಹುದು. ಬರೆಯಲೇಬೇಕೆಂದು ಅವನಿಗೆ ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಕೊಟ್ರಮ್ಮ ಎದ್ದು ಬಂದು ಮೇಜಿನ ಪಕ್ಕ ನಿಂತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ಖಾಲಿ ಜಾಗ ಯಾವುದೆಂದು ಕಂಡಿತ್ತು.

“ಅದೇನ್ ಕೇಳ್ತೈತ್ರಿ?”

“ಯಾರು ಹೇಳಿಕೊಟ್ಟರು ಅಂತ.”

ಅವಳು ಅವನ ಮುಖವನ್ನು ನೋಡಿದಳು. ನಿಧಾನವಾಗಿ, ಮೇಲಿಂದ ಕೆಳಗೆ, ಹಣೆಯ ಬೆವರು, ಪೆನ್ನು, ಎಡಗಂಕುಳಿನ ಸಿವುಡು. ಆ ನೋಟ ಅವನಿಗೆ ಪರಿಚಿತವಾಗಿತ್ತು. ತಾನು ಬಸ್ಸಿನಲ್ಲಿ ಮಂಡಕ್ಕಿ ಮುದುಕನನ್ನು, ಹಾಲಸಿದ್ದಪ್ಪನನ್ನು, ಈ ಚಾಪೆಯ ಮೇಲಿನ ಜನರನ್ನು ನೋಡುವ ನೋಟ. ಯಾರೂ ಅವನನ್ನು ಹಾಗೆ ನೋಡಿರಲಿಲ್ಲ, ಅಥವಾ ನೋಡಿದ್ದು ಅವನಿಗೆ ಗೊತ್ತಾಗಿರಲಿಲ್ಲ.

“ಯಾರೂ ಇಲ್ಲಂತ ಬರೀರಿ” ಎಂದಳು. “ನನ್ನ ಹೆಸರೊಂದ ಸಾಕು. ನಿಮ್ಮ ಹೆಸರು ಬರದ್ರ ಊರೂರಿಗೆ ಪಟ ಹೊತ್ಕೊಂಡು ತಿರಗೋರು ಯಾರು?”

“ಅವ್ವಾ!” ಎಂದಳು ಸುವರ್ಣಮ್ಮ.

“ಸುಮ್ನಿರ. ಇವರ ಕೈಲಿ ಆಗೂದಿಲ್ಲ, ನೋಡಾಕತ್ತಿಲ್ಲ? ಲಗ್ನ ಸಿರುಗುಪ್ಪದ ಕಚೇರ್ಯಾಗ ರಿಜಿಸ್ಟರ್ ಮಾಡ್ಸೂಣು. ಗಂಡಿನ್ಯಾರು ಒಲ್ಲೆ ಅಂದ್ರ ಬಿಡ್ಲಿ.”

ಆಗುವುದಿಲ್ಲ ಎಂದು ಅವಳು ಹೇಳಿದ ಮೇಲೆ ಅದು ಆಗಲಿಲ್ಲ. ‘ಯಾರ ಬೋಧನೆಯಿಂದಲೂ ಅಲ್ಲ, ಸ್ವಂತ ಅಜ್ಞಾನದಿಂದ’ ಎಂದು ಎಲೀಯಪ್ಪ ಬರೆದ. ಅಕ್ಷರಗಳು ಯಾವಾಗಿನಂತೆ ದುಂಡಾಗಿ, ಸಾಲು ತಪ್ಪದೆ ಬಂದವು. ಕೆಳಗೆ ಶಿಫಾರಸು: ಆರು ತಿಂಗಳು ಮೇಜಿನಿಂದ ಹೊರಗೆ. ಹಾಲಸಿದ್ದಪ್ಪ ಸಾಕ್ಷಿಯಾಗಿ ಸಹಿ ಹಾಕಿದ. ಎಲೀಯಪ್ಪನಿಗೆ ದೋಷಪರಿಹಾರದ ದಿನದ ಆರನೆಯ ಚೌಕದತ್ತ ನೋಡಬಾರದು ಎಂದಿತ್ತು. ಪಟ ಇಳಿಸುವಾಗ ನೋಡದೆ ಆಗಲಿಲ್ಲ. ಅಡವಿಗೆ ಹೊರಟ ಆ ಮೇಕೆಯನ್ನು ಮಾತ್ರ ಚಾಂದಸಾಬ್ ಚೆನ್ನಾಗಿ ಬರೆದಿದ್ದ.

ಸಿರುಗುಪ್ಪದಲ್ಲಿ ಬಳ್ಳಾರಿಯ ಬಸ್ಸಿಗೆ ಇನ್ನೂ ಹತ್ತು ನಿಮಿಷವಿದ್ದಾಗ ಅವನಿಗೆ ಗೊತ್ತಾಯಿತು, ಸಿವುಡು ಇನ್ನೂ ಕಂಕುಳಲ್ಲೇ ಇದೆ. ಕರೂರಿನಲ್ಲಿ ಅದನ್ನು ಎಲ್ಲಿಡಬೇಕೆಂದು ತಿಳಿದಿರಲಿಲ್ಲ. ಮೇಜಿನ ಮೇಲೆ ಇಡುವಂತಿರಲಿಲ್ಲ, ಹಿಂದಕ್ಕೆ ಕೊಡಲು ಕೈ ಬರಲಿಲ್ಲ, ಯಾರೂ ಕೇಳಲೂ ಇಲ್ಲ. “ಏನ್ ಮೇಷ್ಟ್ರೇ, ಗದ್ದಿ ಮಾಡೀರೇನು?” ಎಂದಿದ್ದ ಕರೂರಿನ ಬಸ್ಸಿನ ಕಂಡಕ್ಟರು. ಕಾಳುಗಳು ಉದುರಿ ಅಂಗಿಯೊಳಗೆ ಸೇರಿ ಚುಚ್ಚುತ್ತಿದ್ದವು. ಪಾರ್ವತಿನಗರಕ್ಕೆ ಇದನ್ನು ಒಯ್ಯಲಾಗದು. ನಿಲ್ದಾಣದ ಕಸದ ಗುಂಡಿಗೆ ಹಾಕಲು ಹೋದ. ತೆಂಗಿನ ಚಿಪ್ಪು, ಸಗಣಿ, ಬಾಳೆಲೆ. ಕೈ ಬಿಡಲಿಲ್ಲ. ನಿಲ್ದಾಣದ ಆಚೆ ಗಿರಣಿಯ ಕಡೆಗೆ ಒಂದು, ಹೊಳೆಯ ಕಡೆಗೆ ಒಂದು, ಬಳ್ಳಾರಿಯ ಕಡೆಗೆ ಒಂದು ದಾರಿ ಕೂಡುವ ಜಾಗವಿತ್ತು. ಹತ್ತಿರ ಇದ್ದದ್ದು ಅದೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹತ್ತಿರ ಇದ್ದದ್ದು ಗುಂಡಿ. ಪಟದ ಸುರುಳಿಯನ್ನು ಒಂದು ಮೈಲುಗಲ್ಲಿಗೆ ಒರಗಿಸಿ, ಎರಡೂ ಕೈಗಳಿಂದ ಸಿವುಡನ್ನು ಎತ್ತಿ ಮೂರು ದಾರಿ ಕೂಡುವಲ್ಲಿ ಒಗೆದು, ತಿರುಗಿ ನಡೆಯತೊಡಗಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಕೊರಳ ಗಂಟೆಯ ಸದ್ದು; ಯಾವುದೋ ಮೇಕೆ ಬಂದು ಬಾಯಿ ಹಾಕಿತ್ತು. ಹುಲ್ಲು ಅಗಿಯುವ ಕರಕರ ಸ್ಪಷ್ಟವಾಗಿ ಕೇಳುತ್ತಿತ್ತು.

“ಓ ಯಜಮಾನ್ರ! ಸುರುಳಿ ಬಿಟ್ಟು ಹೊಂಟ್ರಲ್ಲ! ನಿಮ್ಮ ಪಟ, ಪಟ!”

ಸೈಕಲ್ ಅಂಗಡಿಯವನ ದನಿ. ಪಟ. ನೂರ ಇಪ್ಪತ್ತು ರೂಪಾಯಿಯ ಬಟ್ಟೆ, ಮೂರು ಸಂಜೆ, ಏಳು ಚೌಕ. ಎಲೀಯಪ್ಪನ ಹೆಜ್ಜೆ ನಿಧಾನವಾಯಿತು. ಕತ್ತು ಬಿಗ್ಗನೆ ನಿಂತಿತು, ಒಳಗೆ ಯಾರೋ ಕೀಲು ಹಾಕಿದಂತೆ. ಸುಮ್ಮನೆ ತಿರುಗಿದರೆ ಮುಗಿಯಿತು. ಒಗೆದವರು ಹಿಂತಿರುಗಿ ನೋಡಬಾರದೆಂಬುದು ಮೂರ್ಖತನ, ಅವನಿಗೆ ಗೊತ್ತಿತ್ತು. ಇದರ ಮೇಲೆ ಅವನು ಭಾಷಣ ಮಾಡಿದ್ದಾನೆ. “ಕಿವಿ ಕೇಳ್ಸೂದಿಲ್ಲೇನಪ್ಪ ಈ ಮನಷ್ಯಾಗ!” ಎಂದಿತು ದನಿ. ಅವನು ಬಸ್ಸಿನ ಬಾಗಿಲ ತನಕ ಮುಂದಕ್ಕೇ ನೋಡುತ್ತ ನಡೆದು, ಹತ್ತಿ, ಹಿಂದಿನ ಗಾಜು ಕಾಣದ ಸೀಟು ಹುಡುಕಿ ಕೂತ. ಜೇಬು ಮುಟ್ಟಿ ನೋಡಿಕೊಂಡ. ನಾಲ್ಕಾಗಿ ಮಡಿಸಿದ ಹಾಳೆ ಇತ್ತು. ಬಸ್ಸು ಹೊರಟು, ತೌಡಿನ ವಾಸನೆ ಕಡಿಮೆಯಾಗಿ, ಗಾಳಿ ಮುಖಕ್ಕೆ ಬಡಿದಾಗ ಎಂಟನೆಯ ವಯಸ್ಸಿನ ಆ ಸಂಜೆಯಂತೆ ಅವನ ಮೈ ಹಗುರಾಗುತ್ತ ಬಂತು. ಅಯ್ಯನವರಿಗೆ ಹೇಳಿ ಹೊಸ ಪಟ ಬರೆಸಬಹುದು. ಕುರುಗೋಡು ದಾಟುವ ಹೊತ್ತಿಗೆ ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು.